ಶಿಬಿರ ನಡೆಸುವವರು ಯಾರು?

ಬೆಳಗಿನ ಐದೂವರೆ. ಹಳ್ಳಿಯ ಸರ್ಕಾರಿ ಶಾಲೆಯ ಎರಡು ಕೊಠಡಿಗಳಲ್ಲಿ ಜಮಖಾನ ಹಾಸಿ ಮಲಗಿದ್ದವರನ್ನು ಎರಡನೇ ವರ್ಷದ ಬಿ.ಎ. ಹುಡುಗಿಯೊಬ್ಬಳು ಸೀಟಿ ಊದಿ ಎಬ್ಬಿಸುತ್ತಿದ್ದಾಳೆ. ಆಹಾರ ಸಮಿತಿಯವರು ಅವಳಿಗಿಂತ ಮೊದಲೇ ಎದ್ದಿದ್ದಾರೆ. ಶಾಲೆಯ ಹಿಂದೆ ಮೂರು ಕಲ್ಲು ಹೂಡಿ ಒಲೆ ಹಚ್ಚಿಯಾಗಿದೆ. ಒಣಗಿದ ತೆಂಗಿನ ಗರಿಗೂ ಮಟ್ಟೆಗೂ ಈ ಸೀಮೆಯಲ್ಲಿ ಬರವಿಲ್ಲ. ರವೆ ಹುರಿದು ಮುಗಿದಿದೆ, ನೀರು ಎಷ್ಟು ಹಾಕಬೇಕು ಎಂಬಲ್ಲಿ ಮಾತ್ರ ಒಮ್ಮತವಿಲ್ಲ. ‘ಸರ್‌ನ ಕೇಳೋಣ್ವಾ?’ ಎನ್ನುತ್ತಾನೆ ಒಬ್ಬ. ‘ಸರ್ ಯಾವತ್ತು ಉಪ್ಪಿಟ್ಟು ಮಾಡಿದ್ರು?’ ಎನ್ನುತ್ತಾಳೆ ಇನ್ನೊಬ್ಬಳು.

ಆರೂವರೆಗೆ ಪ್ರಭಾತಫೇರಿ ಹೊರಡುತ್ತದೆ. ಡೇರಿ ಮುಂದೆ ಹಾಲಿನ ಕ್ಯಾನು ಹಿಡಿದು ಸಾಲಾಗಿ ನಿಂತ ಹೆಂಗಸರಲ್ಲಿ ಯಾರಾದರೊಬ್ಬರು ಕೂಗಿ ಕೇಳುತ್ತಾರೆ: ‘ಇವತ್ತು ಯಾವ್ ಬೀದಿ ಮಕ್ಳಾ? ನಮ್ ಬೀದಿ ಚರಂಡಿ ನೋಡಿದ್ರಾ?’

ತುಮಕೂರು, ಗುಬ್ಬಿ, ಕುಣಿಗಲ್ ಸುತ್ತಿನ ಯಾವ ಹಳ್ಳಿಯಲ್ಲಾದರೂ ಕಾಣಬಹುದಾದ ಬೆಳಗು ಇದು. ಕಾಲೇಜುಗಳ ಎನ್‌ಎಸ್‌ಎಸ್ ಕ್ಯಾಂಪ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆಯ ವಾರ್ಷಿಕ ವಿಶೇಷ ಶಿಬಿರ, ನಮ್ಮಲ್ಲಿ ಅನೇಕರಿಗೆ ಅರ್ಧ ಗೊತ್ತಿರುವ ಸಂಗತಿ. ಪತ್ರಿಕೆಯ ಜಿಲ್ಲಾ ಪುಟದಲ್ಲಿ ಉದ್ಘಾಟನೆಯ ಫೋಟೊ ಬರುತ್ತದೆ. ವೇದಿಕೆ ಮೇಲೆ ಹತ್ತು ಜನ ಗಣ್ಯರು, ಕೆಳಗೆ ಟೋಪಿ ಹಾಕಿಕೊಂಡ ವಿದ್ಯಾರ್ಥಿಗಳು. ಏಳು ದಿನ ಕಳೆದ ಮೇಲೆ ಸಮಾರೋಪದ ಫೋಟೊ. ಈ ಎರಡು ಫೋಟೊಗಳ ನಡುವೆ ಏನು ನಡೆಯುತ್ತದೆ, ಅದನ್ನು ನಡೆಸುವವರು ಯಾರು ಎಂಬುದು ಸುದ್ದಿಗೆ ಬರುವುದು ಅಪರೂಪ.

ಬಳ್ಳಾರಿ ಸಂಸದರು ಶಿಕ್ಷಣ ಮಂತ್ರಿಯಾದಾಗ

ವಿದ್ಯಾರ್ಥಿಗಳು ಊರಿಗಾಗಿ ದುಡಿಯಬೇಕು ಎಂಬ ಮಾತು ಸ್ವಾತಂತ್ರ್ಯ ಬಂದ ಹೊಸತರಿಂದಲೂ ಇತ್ತು. ಜಗಳ ಇದ್ದದ್ದು ಒಂದೇ ವಿಷಯಕ್ಕೆ. ಅದು ಕಡ್ಡಾಯವಾಗಬೇಕೇ, ಅವರವರ ಇಷ್ಟಕ್ಕೆ ಬಿಡಬೇಕೇ? ರಾಧಾಕೃಷ್ಣನ್ ನೇತೃತ್ವದ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ ಇಷ್ಟಕ್ಕೆ ಬಿಡಿ ಎಂದಿತು. 1959ರಲ್ಲಿ ಸಿ.ಡಿ. ದೇಶಮುಖ್ ಸಮಿತಿ ಅದಕ್ಕೆ ತದ್ವಿರುದ್ಧ ಹೇಳಿತು. ಕಾಲೇಜು ಸೇರುವ ಮೊದಲೇ ಒಂಬತ್ತು ತಿಂಗಳಿಂದ ಒಂದು ವರ್ಷ ರಾಷ್ಟ್ರಸೇವೆ ಕಡ್ಡಾಯವಾಗಲಿ ಎಂಬುದು ಅದರ ಸಲಹೆ. ಅಷ್ಟು ಮಕ್ಕಳಿಗೆ ಊಟ, ವಸತಿ ಕೊಡುವ ಖರ್ಚು ನೋಡಿಯೇ ಸರ್ಕಾರ ಹಿಂದೆ ಸರಿಯಿತು. ಆಮೇಲೆ ಕೆ.ಜಿ. ಸೈಯಿದೈನ್ ಹಲವು ದೇಶಗಳ ಪದ್ಧತಿಗಳನ್ನು ನೋಡಿ ಬಂದು, ಸ್ವಇಚ್ಛೆಯ ದಾರಿಯೇ ಸರಿ ಎಂದು ವರದಿ ಕೊಟ್ಟರು.

ಕೊನೆಗೂ ರಾಷ್ಟ್ರೀಯ ಸೇವಾ ಯೋಜನೆ ಜಾರಿಗೆ ಬಂದದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧಿ ಜನ್ಮಶತಾಬ್ದಿಯ ವರ್ಷದಲ್ಲಿ. 37 ವಿಶ್ವವಿದ್ಯಾಲಯಗಳು, 40 ಸಾವಿರ ವಿದ್ಯಾರ್ಥಿಗಳಿಂದ ಶುರುವಾಯಿತು. ಚಾಲನೆ ಕೊಟ್ಟ ಕೇಂದ್ರ ಶಿಕ್ಷಣ ಸಚಿವರು ವಿ.ಕೆ.ಆರ್.ವಿ. ರಾವ್. ಲೋಕಸಭೆಗೆ ಅವರನ್ನು ಕಳಿಸಿದ್ದು ನಮ್ಮ ಬಳ್ಳಾರಿ. ಮುಂದೆ 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆ, ಐಸೆಕ್, ಕಟ್ಟಿದವರೂ ಅವರೇ. ಅರ್ಥಶಾಸ್ತ್ರಜ್ಞರಾದ ಅವರಿಗೆ ಕಾಲೇಜಿನ ಗೋಡೆಯಾಚೆ ಏನಿದೆ ಎಂದು ಎಣಿಸುವ, ಅಳೆಯುವ ಆಸಕ್ತಿ ಇದ್ದದ್ದು ಸಹಜ.

ಆರಂಭದ ಶಿಬಿರಗಳಿಗೆ ಇಡೀ ದೇಶಕ್ಕೆ ಒಂದೇ ವಿಷಯ ಕೊಡುತ್ತಿದ್ದರು. 1973ರಲ್ಲಿ ‘ಬರದ ವಿರುದ್ಧ ಯುವಜನ’, ಅದರ ಬೆನ್ನಿಗೆ ‘ಕೊಳೆ ಮತ್ತು ರೋಗದ ವಿರುದ್ಧ ಯುವಜನ’. ದೆಹಲಿ ವಿಷಯ ಕೊಡುತ್ತಿತ್ತು, ಇಲ್ಲಿಯವರು ಗುದ್ದಲಿ ಹಿಡಿಯುತ್ತಿದ್ದರು. ಏನು ಮಾಡಬೇಕೆಂದು ತೀರ್ಮಾನಿಸುವವರು ಒಂದು ಕಡೆ, ಮಾಡುವವರು ಇನ್ನೊಂದು ಕಡೆ ಎಂಬ ಈ ರೂಢಿಯ ನೆರಳು ಇನ್ನೂ ಪೂರ್ತಿ ಸರಿದಿಲ್ಲ.

ಎರಡು ವರ್ಷಕ್ಕೆ 240 ಗಂಟೆ

ನಿಯಮ ಸರಳ. ಒಂದು ಘಟಕಕ್ಕೆ ನೂರು ಸ್ವಯಂಸೇವಕರು, ಅವರಿಗೊಬ್ಬರು ಅಧ್ಯಾಪಕರು. ಇವರೇ ಕಾರ್ಯಕ್ರಮಾಧಿಕಾರಿ. ವಿದ್ಯಾರ್ಥಿ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಕೆಲಸ ಮಾಡಿ, ಒಂದು ವಿಶೇಷ ಶಿಬಿರ ಮುಗಿಸಿದರೆ ಪ್ರಮಾಣಪತ್ರ. ಘಟಕದ ಅರ್ಧದಷ್ಟು ಮಂದಿ, ಅಂದರೆ ಐವತ್ತು ಜನ, ದತ್ತು ಗ್ರಾಮದಲ್ಲಿ ಏಳು ದಿನ ಹಗಲು ರಾತ್ರಿ ಉಳಿಯಬೇಕು. ಹಿಂದೆ ಇದು ಹತ್ತು ದಿನವಿತ್ತು.

ವರ್ಷದ ಆ 120 ಗಂಟೆಯೊಳಗೆ ಇನ್ನೊಂದು ಜಾಣ ಕಟ್ಟಳೆ ಇದೆ. ಕಾಲೇಜಿನ ಆವರಣದಲ್ಲಿ ಮಾಡುವ ಕೆಲಸ 30 ಗಂಟೆ ಮೀರಬಾರದು. ಕಾಲೇಜಿನ ಕಾಂಪೌಂಡ್ ಗುಡಿಸಿಸಿ, ಕಾರ್ಯಕ್ರಮಗಳಲ್ಲಿ ಕುರ್ಚಿ ಹಾಕಿಸಿ, ಅತಿಥಿಗಳಿಗೆ ನೀರು ಕೊಡಿಸಿ ಲೆಕ್ಕ ತುಂಬಿಸುವ ಅಭ್ಯಾಸ ಯೋಜನೆ ರೂಪಿಸಿದವರಿಗೆ ಮೊದಲೇ ಗೊತ್ತಿತ್ತು ಅನ್ನಿಸುತ್ತದೆ. ಕಾಲೇಜಿನ ಯಾವ ಸಮಾರಂಭವೇ ಇರಲಿ, ‘ಎನ್‌ಎಸ್‌ಎಸ್ ಹುಡುಗ್ರನ್ನ ಕರೀರಿ’ ಎಂಬ ಕೂಗು ಇವತ್ತಿಗೂ ಕೇಳುತ್ತದೆ.

ವಿದ್ಯಾರ್ಥಿಗಳ ಪಾಲುಗಾರಿಕೆಯೂ ನಿಯಮದಲ್ಲೇ ಇದೆ. ಪ್ರಾಂಶುಪಾಲರ ಅಧ್ಯಕ್ಷತೆಯ ಸಲಹಾ ಸಮಿತಿಯಲ್ಲಿ ವಿದ್ಯಾರ್ಥಿ ನಾಯಕರಿಗೂ ದತ್ತು ಗ್ರಾಮದ ಪ್ರತಿನಿಧಿಗೂ ಜಾಗವಿದೆ. ಯಾವ ಊರು, ಯಾವ ಕೆಲಸ, ಎಷ್ಟು ಖರ್ಚು ಎಂಬುದು ಇಲ್ಲಿ ನಿರ್ಧಾರವಾಗಬೇಕು. ಈ ಜಾಗ ತುಂಬಿದ ಕಡೆ ಒಂದು ಬಗೆಯ ಶಿಬಿರ ನಡೆಯುತ್ತದೆ. ನಡಾವಳಿ ಪುಸ್ತಕಕ್ಕೆ ಸಹಿ ಹಾಕಲಷ್ಟೇ ಹುಡುಗರನ್ನು ಕರೆದ ಕಡೆ ಇನ್ನೊಂದು ಬಗೆಯದು. ಎರಡನ್ನೂ ಹೊರಗಿನಿಂದ ನೋಡಿದರೆ ಒಂದೇ ಬ್ಯಾನರ್, ಒಂದೇ ಟೋಪಿ. ಊರಿನವರಿಗೆ ಮಾತ್ರ ಎರಡನೇ ದಿನಕ್ಕೇ ವ್ಯತ್ಯಾಸ ತಿಳಿದುಬಿಡುತ್ತದೆ.

ಅರವತ್ನಾಲ್ಕು ರೂಪಾಯಿಯ ದಿನ

ಶಿಬಿರ ನಿಜವಾಗಿ ಹುಡುಗರದ್ದೇ ಎಂದು ಗೊತ್ತಾಗುವ ಮೊದಲ ಜಾಗ ಅಡುಗೆಮನೆ. ಬಹು ವರ್ಷಗಳ ಕಾಲ ವಿಶೇಷ ಶಿಬಿರಕ್ಕೆ ಸರ್ಕಾರ ಕೊಡುತ್ತಿದ್ದುದು ತಲಾ 450 ರೂಪಾಯಿ. ಐವತ್ತು ಜನಕ್ಕೆ 22,500. ಏಳು ದಿನಕ್ಕೆ ಹಂಚಿದರೆ ಒಬ್ಬರಿಗೆ ದಿನಕ್ಕೆ 64 ರೂಪಾಯಿ ಚಿಲ್ಲರೆ. ಊಟ, ತಿಂಡಿ, ಟೀ, ಬಸ್ಸು, ಬ್ಯಾನರ್, ಶಾಮಿಯಾನ, ಮೈಕ್ ಸೆಟ್ಟು, ಬರುವ ಅತಿಥಿಗೆ ಹಾಕುವ ಶಾಲು ಎಲ್ಲವೂ ಅದರಲ್ಲೇ.

ಅಧ್ಯಾಪಕರೇ ಅಡುಗೆಯವರನ್ನು ಗೊತ್ತುಮಾಡಿ, ಕೊರತೆ ಬಿದ್ದದ್ದನ್ನು ಜೇಬಿನಿಂದ ತುಂಬಿ, ಬಿಲ್ಲು ಹೊಂದಿಸಲು ಒದ್ದಾಡುವುದು ಒಂದು ದಾರಿ. ಇನ್ನೊಂದು ದಾರಿ ಹಣದ ಲೆಕ್ಕವನ್ನೇ ವಿದ್ಯಾರ್ಥಿಗಳ ಮುಂದಿಡುವುದು. ‘ಇಷ್ಟಿದೆ, ಏನು ಮಾಡೋಣ ಹೇಳಿ.’ ಆಗ ಮೊದಲು ಕತ್ತರಿ ಬೀಳುವುದು ಶಾಲಿಗೆ, ಹಾರಕ್ಕೆ. ಆಮೇಲೆ ಫ್ಲೆಕ್ಸಿಗೆ. ಯಾವ ಹುಡುಗನೂ ಉದ್ಘಾಟಕರ ಹಾರಕ್ಕಾಗಿ ತನ್ನ ಪಲ್ಯ ಬಿಡಲು ಒಪ್ಪುವುದಿಲ್ಲ.

ಮುಂದಿನ ಹೆಜ್ಜೆ ಊರೊಳಕ್ಕೆ. ತೆಂಗಿನಕಾಯಿ ಕೊಂಡು ಶಿಬಿರ ನಡೆಸಿದರೆ ತುಮಕೂರು ಜಿಲ್ಲೆಯಲ್ಲಿ ನಗುತ್ತಾರೆ. ತೋಟದ ಮನೆಗೆ ಹೋಗಿ ಕೇಳಿದರೆ ಹತ್ತು ಕಾಯಿ ಬರುತ್ತದೆ, ಜತೆಗೆ ಮನೆಯ ಸಮಾಚಾರವೂ. ರಾಗಿ, ಅಕ್ಕಿ, ಹುರುಳಿಕಾಳು ಹೀಗೇ ಸೇರುತ್ತವೆ. ಸಿದ್ಧಗಂಗಾ ಮಠದ ದಾಸೋಹಕ್ಕೆ ತಲೆಮಾರುಗಳಿಂದ ಧಾನ್ಯ ಕೊಟ್ಟು ರೂಢಿಯಾದ ಸೀಮೆ ಇದು. ಓದುವ ಮಕ್ಕಳ ಊಟಕ್ಕೆಂದರೆ ಇಲ್ಲ ಎನ್ನುವ ಮನೆ ಕಡಿಮೆ. ಆದರೆ ಕೇಳಲು ಹೋಗಬೇಕಾದವರು ಮಕ್ಕಳೇ. ಕಾಲೇಜಿನ ಲೆಟರ್‌ಹೆಡ್ ಹೋದರೆ ಹಣ ಬಂದೀತು, ಮಾತು ಬರುವುದಿಲ್ಲ.

ಮುದ್ದೆ ಮಾಡುವ ದಿನವನ್ನು ನೋಡಬೇಕು. ಒಬ್ಬರಿಗೆ ಒಂದೊಂದೇ ಎಂದರೂ ಐದಾರು ಕೆ.ಜಿ. ಹಿಟ್ಟು. ಎಸರು ಕುದಿಯುತ್ತಿದೆ, ಜಿಮ್‌ಗೆ ಹೋಗುವ ಬಿ.ಕಾಂ. ಹುಡುಗ ತೋಳು ಮಡಚಿ ಮುದ್ದೆ ಕೋಲು ಹಿಡಿದಿದ್ದಾನೆ. ನಾಲ್ಕು ತಿರುವಿಗೇ ಹಿಟ್ಟು ಗಂಟು ಕಟ್ಟುತ್ತದೆ, ಪಾತ್ರೆ ಕಲ್ಲಿನ ಮೇಲೆ ವಾಲುತ್ತದೆ. ಪಕ್ಕದ ಮನೆಯ ಅಜ್ಜಿ ಇಷ್ಟು ಹೊತ್ತು ಜಗಲಿ ಮೇಲೆ ಕೂತು ನೋಡುತ್ತಿದ್ದವರು ತಡೆಯಲಾಗದೆ ಬಂದು ಕೋಲು ಕಿತ್ತುಕೊಳ್ಳುತ್ತಾರೆ. ‘ಪಾತ್ರೆ ಕಾಲಲ್ಲಿ ಅದುಮ್ಕೊ ಕಣಪ್ಪ, ಕೈಯಲ್ಲೇ ಎಲ್ಲಾ ಆಯ್ತದಾ?’ ಗೋಣಿತಾಟು ಸುತ್ತಿದ ಪಾತ್ರೆಯನ್ನು ಕವೆಗೋಲಿನಿಂದ ಅದುಮಿ, ಬಗ್ಗಿ, ಸುತ್ತ ತಿರುವಿ ಅಜ್ಜಿ ಹತ್ತು ನಿಮಿಷದಲ್ಲಿ ಕೆಲಸ ಮುಗಿಸುತ್ತಾರೆ. ಆ ರಾತ್ರಿಯ ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಅಜ್ಜಿಯ ಜತೆ ಬೀದಿಯ ಹೆಂಗಸರೆಲ್ಲ ಬಂದು ಕೂರುತ್ತಾರೆ. ಗ್ರಾಮಸ್ಥರ ಸಹಭಾಗಿತ್ವ ಎಂದು ವರದಿಯಲ್ಲಿ ಬರೆಯುವುದು ಇದನ್ನೇ.

ಕಾಂಗ್ರೆಸ್ ಗಿಡ ಮತ್ತು ಜೆಸಿಬಿ

ಬೆಳಗಿನ ತಿಂಡಿಯಾದ ಮೇಲೆ ಶ್ರಮದಾನ. ನಮ್ಮ ಶಿಬಿರಗಳಲ್ಲಿ ಅತಿ ಹೆಚ್ಚು ಕಿತ್ತಿರುವುದು ಬಹುಶಃ ಕಾಂಗ್ರೆಸ್ ಗಿಡ, ಪುಸ್ತಕದ ಮಾತಿನಲ್ಲಿ ಪಾರ್ಥೇನಿಯಂ. ಶಾಲೆಯ ಸುತ್ತ, ದೇವಸ್ಥಾನದ ಹಿಂದೆ, ರಸ್ತೆ ಬದಿಯಲ್ಲಿ ಎಲ್ಲೆಂದರಲ್ಲಿ ಅದು ಕೈಗೆ ಸಿಗುತ್ತದೆ. ಕಿತ್ತರೆ ತಕ್ಷಣ ಜಾಗ ಸ್ವಚ್ಛವಾಗಿ ಕಾಣುತ್ತದೆ, ಫೋಟೊಗೂ ಚೆನ್ನ. ಬರಿಗೈಯಲ್ಲಿ ಕಿತ್ತರೆ ಚರ್ಮ ತುರಿಸುತ್ತದೆ, ಪರಾಗಕ್ಕೆ ಕೆಲವರಿಗೆ ಉಸಿರಾಟದ ತೊಂದರೆ ಬರುತ್ತದೆ. ಹೂ ಬಿಟ್ಟ ಮೇಲೆ ಕಿತ್ತು ಅಲ್ಲೇ ರಾಶಿ ಹಾಕಿದರೆ ಮುಂದಿನ ಮಳೆಗೆ ದುಪ್ಪಟ್ಟು ಗಿಡ. ಕೈಗವಸು ಕೊಡದೆ ಹೂ ಬಿಟ್ಟ ಗಿಡ ಕೀಳಿಸುವ ಶಿಬಿರ, ಸೇವೆಗಿಂತ ಬಿತ್ತನೆಯನ್ನೇ ಹೆಚ್ಚು ಮಾಡುತ್ತದೆ.

ಗುದ್ದಲಿ ಕೆಲಸದ ಬೆಲೆಯೇ ಬದಲಾಗಿದೆ ಎಂಬುದನ್ನೂ ಒಪ್ಪಬೇಕು. 1970ರ ದಶಕದಲ್ಲಿ ಹುಡುಗರು ಹಾಕಿದ ಮಣ್ಣಿನ ರಸ್ತೆ ಊರಿಗೆ ದೊಡ್ಡ ಉಪಕಾರ. ಈಗ ಐವತ್ತು ಜನ ಮೂರು ದಿನ ತೋಡುವ ಕಾಲುವೆಯನ್ನು ಜೆಸಿಬಿ ಅರ್ಧ ದಿನದಲ್ಲಿ ತೋಡುತ್ತದೆ. ಮೇಲಾಗಿ ಉದ್ಯೋಗ ಖಾತ್ರಿ 2008ರಲ್ಲಿ ದೇಶದ ಎಲ್ಲ ಗ್ರಾಮೀಣ ಜಿಲ್ಲೆಗಳನ್ನು ತಲುಪಿದ ಮೇಲೆ ಹೂಳು ತೆಗೆಯುವುದು, ಬದು ಹಾಕುವುದು ಊರಿನವರಿಗೆ ಕೂಲಿ ತರುವ ಕೆಲಸವಾಯಿತು. ಆ ಕೆಲಸವನ್ನು ಹುಡುಗರು ಪುಕ್ಕಟೆ ಮಾಡಿದರೆ ಯಾರಿಗೆ ಲಾಭ ಎಂದು ಕೂಲಿಯಾಕೆ ಕೇಳಿದರೆ ತಪ್ಪೇನಿಲ್ಲ.

ಹಾಗೆಂದು ಶ್ರಮದಾನವೇ ಬೇಡ ಎನ್ನಲಾಗದು. ಗುದ್ದಲಿ ಹಿಡಿದು ಬೊಬ್ಬೆ ಬಂದ ಕೈಗೆ ಕೂಲಿಯ ಅರ್ಥ ಬೇಗ ಆಗುತ್ತದೆ. ಆದರೆ ಊರಿನಲ್ಲಿ ಸಿಗದೇ ಇರುವುದು, ಕಾಲೇಜು ಹುಡುಗರಲ್ಲಿ ಇರುವುದು ಬೇರೆಯದೇ. ಅರ್ಜಿ ತುಂಬುವುದು, ಮೊಬೈಲಿನಲ್ಲಿ ಪಿಂಚಣಿಯ ಸ್ಥಿತಿ ನೋಡುವುದು, ಆಧಾರ್‌ನಲ್ಲಿ ಒಂದು ಹೆಸರು, ಪಹಣಿಯಲ್ಲಿ ಇನ್ನೊಂದು ಹೆಸರು ಇರುವ ತೊಡಕನ್ನು ಬರೆದುಕೊಂಡು ಎಲ್ಲಿ ಸರಿಪಡಿಸಬೇಕೆಂದು ವಿಚಾರಿಸಿ ತಿಳಿಸುವುದು. ಮನೆ ಮನೆ ಸಮೀಕ್ಷೆ ಇದಕ್ಕೆ ಬಾಗಿಲು.

ಸಮೀಕ್ಷೆಯ ಪ್ರಶ್ನೆಗಳನ್ನು ಯಾರು ಬರೆಯುತ್ತಾರೆ ಎಂಬುದರಲ್ಲೇ ಅರ್ಧ ಗುಟ್ಟಿದೆ. ಕಾಲೇಜಿನಲ್ಲಿ ಕೂತು ಮಾಡಿದ ನಮೂನೆಯಲ್ಲಿ ‘ಕುಟುಂಬದ ವಾರ್ಷಿಕ ಆದಾಯ’ ಮೊದಲ ಪ್ರಶ್ನೆಯಾಗಿರುತ್ತದೆ. ಬಿಪಿಎಲ್ ಕಾರ್ಡು ಎಲ್ಲಿ ಹೋಗುತ್ತದೋ ಎಂದು ಹೆದರಿ ಮನೆಯವರು ಅಲ್ಲೇ ಬಾಯಿ ಮುಚ್ಚುತ್ತಾರೆ. ಒಂದು ಬೀದಿ ಸುತ್ತಿ ಬಂದ ಹುಡುಗರಿಗೆ ತಿದ್ದಲು ಬಿಟ್ಟರೆ ಆ ಪ್ರಶ್ನೆ ಕೊನೆಗೆ ಹೋಗುತ್ತದೆ, ಇಲ್ಲವೇ ಮಾಯವಾಗುತ್ತದೆ. ಹೊತ್ತೂ ಅವರೇ ಬದಲಿಸುತ್ತಾರೆ. ರಾಗಿ ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆ ಹತ್ತಕ್ಕೆ ಮನೆಯಲ್ಲಿ ಯಾರಿರುತ್ತಾರೆ? ಹಾಲು ಹಾಕುವ ಹೊತ್ತಿಗೆ ಡೇರಿ ಮುಂದೆ ನಿಂತರೆ ಊರೇ ಸಿಗುತ್ತದೆ.

ನೀರಿನ ಪ್ರಶ್ನೆಯನ್ನು ಈ ಜಿಲ್ಲೆಯಲ್ಲಿ ಹುಷಾರಾಗಿ ಕೇಳಬೇಕು. ಹೇಮಾವತಿ ನೀರನ್ನು ಕುಣಿಗಲ್ ಕಡೆಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಬಗ್ಗೆ ಗುಬ್ಬಿ ಕಡೆಯ ಹಳ್ಳಿಯಲ್ಲಿ ಬರುವ ಉತ್ತರವೇ ಬೇರೆ, ಕುಣಿಗಲ್ ಕಡೆ ಬರುವುದೇ ಬೇರೆ. ನಮ್ಮ ಪಾಲಿನ ನೀರು ಹೋಗುತ್ತದೆ ಎಂದು ಗುಬ್ಬಿಯಲ್ಲಿ ಹೋರಾಟ, ನಮ್ಮ ಪಾಲಿನ ನೀರು ಇನ್ನೂ ಬಂದಿಲ್ಲ ಎಂದು ಕುಣಿಗಲ್‌ನಲ್ಲಿ ಸಿಟ್ಟು. ಎರಡೂ ತಾಲ್ಲೂಕಿನ ಮಕ್ಕಳು ಒಂದೇ ಘಟಕದಲ್ಲಿದ್ದರೆ ರಾತ್ರಿಯ ಚರ್ಚೆಗೆ ಅತಿಥಿ ಉಪನ್ಯಾಸವೇ ಬೇಕಾಗುವುದಿಲ್ಲ.

ಹಳ್ಳಿಯೂ ಅಲ್ಲ, ಪೇಟೆಯೂ ಅಲ್ಲ

ದತ್ತು ಗ್ರಾಮ ಎಂದಾಗ ಕಣ್ಣಿಗೆ ಬರುವುದು ಹೊಲ, ಕೆರೆ, ಅರಳಿಕಟ್ಟೆ. ತುಮಕೂರಿನ ಅಂಚಿನ ಸತ್ಯಮಂಗಲದಂಥ ಊರಿಗೆ ಬಂದರೆ ಈ ಚಿತ್ರ ಕೂಡುವುದಿಲ್ಲ. ಅಲ್ಲಿ ಹಳೆಯ ಊರಿದೆ, ಪಕ್ಕದಲ್ಲೇ ಕೈಗಾರಿಕಾ ಪ್ರದೇಶವಿದೆ. ಕಾರ್ಖಾನೆ ಬಂದ ಕಡೆ ಬಾಡಿಗೆ ಕೋಣೆಗಳು, ಶಿಫ್ಟಿನ ಕೆಲಸ, ಬೇರೆ ಊರು ಬೇರೆ ರಾಜ್ಯದಿಂದ ಬಂದ ಕುಟುಂಬಗಳು ಇದ್ದೇ ಇರುತ್ತವೆ. ಇಂಥ ಕಡೆ ಬೆಳಿಗ್ಗೆ ಏಳಕ್ಕೆ ಪ್ರಭಾತಫೇರಿ ಹೊರಟರೆ ರಾತ್ರಿ ಪಾಳಿ ಮುಗಿಸಿ ಆಗತಾನೆ ಮಲಗಿದವರ ಬೈಗುಳ ಖಚಿತ.

ಆದರೂ ಬಿ.ಎಚ್. ರಸ್ತೆಯ ಉದ್ದಕ್ಕೂ ಇರುವ ಕಾಲೇಜುಗಳಿಗೆ ನಿಜವಾದ ನೆರೆಹೊರೆ ಇಂಥ ಊರುಗಳೇ. ಇಲ್ಲಿ ಏಳು ದಿನದ ವಾಸ್ತವ್ಯಕ್ಕಿಂತ ವರ್ಷವಿಡೀ ವಾರಕ್ಕೊಮ್ಮೆ ಬರುವ ಕೆಲಸಕ್ಕೆ ಬೆಲೆ ಹೆಚ್ಚು. ಕಾರ್ಮಿಕರ ಮಕ್ಕಳಿಗೆ ಸಂಜೆ ಕನ್ನಡ ಓದಿಸುವುದು, ಅವರನ್ನು ಹತ್ತಿರದ ಶಾಲೆಗೆ ಸೇರಿಸಲು ಜತೆಗೆ ಹೋಗುವುದು, ಕಸ ಎಲ್ಲಿ ಸುರಿಯುತ್ತಾರೆ ಎಂದು ನಕ್ಷೆ ಮಾಡಿ ಪಂಚಾಯಿತಿಗೋ ಪಾಲಿಕೆಗೋ ಕೊಡುವುದು. ವರ್ಷಕ್ಕೆ 120 ಗಂಟೆ ಎಂಬ ಲೆಕ್ಕ ಇಂಥ ಕೆಲಸಕ್ಕೆಂದೇ ಹೊಲಿಸಿದ ಹಾಗಿದೆ. ಆದರೆ ಗಣ್ಯರಿಲ್ಲ, ಉದ್ಘಾಟನೆಯಿಲ್ಲ, ಹಾಗಾಗಿ ಸುದ್ದಿಯೂ ಇಲ್ಲ.

ಅಂಕ ಬಂದಾಗ

ಈಚಿನ ವರ್ಷಗಳಲ್ಲಿ ಸಮಾಜಸೇವೆ ಪಠ್ಯಕ್ರಮದೊಳಕ್ಕೇ ಬಂದಿದೆ. 2014ರಲ್ಲಿ ಶುರುವಾದ ಉನ್ನತ ಭಾರತ ಅಭಿಯಾನದಡಿ ಉನ್ನತ ಶಿಕ್ಷಣ ಸಂಸ್ಥೆಗಳು ಐದೈದು ಹಳ್ಳಿ ಆರಿಸಿಕೊಳ್ಳುತ್ತವೆ. ವಿಟಿಯು ವ್ಯಾಪ್ತಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪದವಿ ಮುಗಿಸುವಷ್ಟರಲ್ಲಿ ನೂರು ಚಟುವಟಿಕೆ ಅಂಕ ಗಳಿಸಬೇಕು. 2022ರ ಪಠ್ಯಕ್ರಮದಲ್ಲಂತೂ ಸಾಮಾಜಿಕ ಸಂಪರ್ಕ ಮತ್ತು ಹೊಣೆಗಾರಿಕೆ ಎಂಬ ವಿಷಯವೇ ಇದೆ. ಮರವೊಂದನ್ನು ದತ್ತು ಪಡೆಯುವುದು, ಪಾರಂಪರಿಕ ತಾಣಗಳ ನಡಿಗೆ, ಸಾವಯವ ಕೃಷಿ, ನೀರಿನ ಸಂರಕ್ಷಣೆ, ಊರಿನ ಆಹಾರ ಪದ್ಧತಿಯ ಪರಿಚಯ ಅದರೊಳಗಿನ ಚಟುವಟಿಕೆಗಳು. ಇತ್ತ ನ್ಯಾಕ್ ಮೌಲ್ಯಮಾಪನದಲ್ಲೂ ವಿಸ್ತರಣಾ ಚಟುವಟಿಕೆಗೆ ಅಂಕವಿದೆ. ಪುರಾವೆಗೆ ಜಿಯೊಟ್ಯಾಗ್ ಇರುವ ಫೋಟೊ ಬೇಕು.

ಹೊರದೇಶದಲ್ಲಿ ಇದು ಹೊಸದಲ್ಲ. ಮೆಕ್ಸಿಕೊದಲ್ಲಿ ಪದವಿ ಕೈಗೆ ಬರಬೇಕಾದರೆ ಕನಿಷ್ಠ 480 ಗಂಟೆ ಸಾಮಾಜಿಕ ಸೇವೆ ಮಾಡಲೇಬೇಕು. ಅಲ್ಲಿಯ ವೈದ್ಯ ವಿದ್ಯಾರ್ಥಿಗಳನ್ನು 1936ರಿಂದಲೇ ಹಳ್ಳಿಗೆ ಕಳಿಸುತ್ತಿದ್ದಾರೆ. ದೇಶಮುಖ್ ಸಮಿತಿ ಕೇಳಿದ್ದು ಹೆಚ್ಚುಕಡಿಮೆ ಇದನ್ನೇ. ಆಗ ಮುಂಬಾಗಿಲಿನಲ್ಲಿ ಬೇಡ ಎನಿಸಿಕೊಂಡ ಕಡ್ಡಾಯ, ಈಗ ಅಂಕಪಟ್ಟಿಯ ಹಿಂಬಾಗಿಲಿನಿಂದ ಒಳಗೆ ಬಂದಿದೆ.

ಇದರಲ್ಲಿ ಒಳ್ಳೆಯದೂ ಇದೆ. ಹಾಸ್ಟೆಲ್ ಬಿಟ್ಟು ಹೊರಗೆ ಕಾಲಿಡದ ಹುಡುಗರು ಕಡೇಪಕ್ಷ ದೇವರಾಯನದುರ್ಗದ ತಪ್ಪಲಿನ ಊರೊಂದನ್ನು ನೋಡಿ ಬರುತ್ತಾರೆ. ಕಷ್ಟ ಇರುವುದು ಪುರಾವೆಯ ಹಸಿವಿನಲ್ಲಿ. ಫೋಟೊಗಾಗಿ ನೆಟ್ಟ ಸಸಿಗೆ ಮಾರ್ಚ್ ಬಿಸಿಲಿನಲ್ಲಿ ನೀರು ಹಾಕುವವರು ಯಾರು ಎಂಬ ಪ್ರಶ್ನೆಗೆ ಅಂಕವಿಲ್ಲ. ಕೆಲಸವನ್ನು ತಾವೇ ಆರಿಸಿಕೊಂಡ ತಂಡದಲ್ಲಿ ನೀರು ಹಾಕುವ ಪಾಳಿಯ ಪಟ್ಟಿ ಸಸಿಗಿಂತ ಮೊದಲು ತಯಾರಾಗಿರುತ್ತದೆ. ಇದು ಹುಡುಗರ ಒಳ್ಳೆಯತನದ ಮಾತಲ್ಲ. ಸಸಿ ಒಣಗಿದರೆ ಹೆಸರು ಹೋಗುವುದು ತಮ್ಮದೇ ಎಂಬ ಅಂಜಿಕೆ, ಅಷ್ಟೇ.

ಹೆಣ್ಣುಮಕ್ಕಳ ರಾತ್ರಿ

ಇನ್ನೊಂದು ತೊಡಕನ್ನು ವರದಿಗಳು ಮುಟ್ಟುವುದೇ ಇಲ್ಲ. ಸರ್ಕಾರಿ ಪದವಿ ಕಾಲೇಜುಗಳ ತರಗತಿಗಳಲ್ಲಿ ಹುಡುಗಿಯರೇ ತುಂಬಿರುತ್ತಾರೆ, ಘಟಕದ ಹಾಜರಿಯಲ್ಲೂ ಅವರೇ ಮುಂದು. ಶಿಬಿರ ಬಂದಾಗ ಮನೆಯಲ್ಲಿ ಒಂದೇ ಪ್ರಶ್ನೆ: ‘ರಾತ್ರಿ ಅಲ್ಲೇ ಇರ್ಬೇಕಾ?’ ಎಷ್ಟೋ ಮಂದಿ ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಾರೆ. ನಾಯಕತ್ವದ ಮಾತುಕತೆ ನಡೆಯುವುದು ರಾತ್ರಿ ಊಟವಾದ ಮೇಲೆ, ಮರುದಿನದ ಕೆಲಸ ಹಂಚುವಾಗ. ಅಲ್ಲಿ ಅವರಿರುವುದಿಲ್ಲ.

ಇದಕ್ಕೆ ಉಪಾಯ ಕಂಡುಕೊಂಡವರೂ ವಿದ್ಯಾರ್ಥಿಗಳೇ. ಹಿಂದಿನ ವರ್ಷ ಉಳಿದು ಬಂದ ಸೀನಿಯರ್ ಅಕ್ಕಂದಿರು ಮನೆಗೇ ಹೋಗಿ ತಾಯಂದಿರ ಹತ್ತಿರ ಮಾತಾಡುತ್ತಾರೆ. ಜತೆಗೆ ಉಳಿಯುವ ಅಧ್ಯಾಪಕಿ ಯಾರು, ಮಲಗುವ ಕೋಣೆಗೆ ಚಿಲಕ ಇದೆಯೇ, ಶೌಚಾಲಯಕ್ಕೆ ನೀರು ಬರುತ್ತದೆಯೇ ಎಂದು ಊರು ಗೊತ್ತುಮಾಡುವ ಮೊದಲೇ ನೋಡಿ ಬರುತ್ತಾರೆ. ಊರು ಆರಿಸುವ ಸಭೆಯಲ್ಲಿ ಇಂಥ ಇಬ್ಬರು ಹುಡುಗಿಯರು ಕೂತರೆ ಪಟ್ಟಿಯಿಂದ ಎಷ್ಟೋ ಊರುಗಳು ಹೋಗಿಬಿಡುತ್ತವೆ. ಉಳಿದ ಊರಿನಲ್ಲಿ ಶಿಬಿರ ತುಂಬುತ್ತದೆ.

ಸಮಾರೋಪದ ನಂತರ

ಏಳನೇ ದಿನ ಭಾಷಣ, ಪ್ರಮಾಣಪತ್ರ, ಕಣ್ಣೀರು. ಎಂಟನೇ ದಿನ ಆಂತರಿಕ ಪರೀಕ್ಷೆಯ ವೇಳಾಪಟ್ಟಿ. ಸೆಮಿಸ್ಟರ್ ಪದ್ಧತಿಯಲ್ಲಿ ಉಸಿರು ತೆಗೆದುಕೊಳ್ಳಲೂ ಪುರುಸೊತ್ತಿಲ್ಲ. ಸಮೀಕ್ಷೆಯ ಹಾಳೆಗಳು ಕಚೇರಿಯ ಬೀರು ಸೇರುತ್ತವೆ. ಕಾರ್ಯಕ್ರಮಾಧಿಕಾರಿಯ ಅವಧಿಯೂ ಮೂರು ವರ್ಷ, ಹೆಚ್ಚೆಂದರೆ ನಾಲ್ಕು. ಹೊಸಬರು ಬಂದರೆ ಹೊಸ ಊರು.

ಆ ಹಾಳೆಗಳಿಗೆ ಹೋಗಬೇಕಾದ ವಿಳಾಸ ಒಂದಿದೆ. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ಯಾವ ಬೀದಿಯಲ್ಲಿ ಎಷ್ಟು ಮನೆಗೆ ನಲ್ಲಿ ನೀರು ಬರುತ್ತಿಲ್ಲ, ಎಷ್ಟು ಜನ ವೃದ್ಧರಿಗೆ ಪಿಂಚಣಿ ನಿಂತಿದೆ ಎಂಬ ಪಟ್ಟಿಯನ್ನು ವಿದ್ಯಾರ್ಥಿಗಳು ಸಭೆಗೆ ಮೊದಲೇ ಊರಿನವರ ಕೈಗೂ ಪಿಡಿಒ ಕೈಗೂ ಕೊಟ್ಟರೆ ಅದು ದಾಖಲೆಗೆ ಬರುತ್ತದೆ. ಸಭೆಯಲ್ಲಿ ಮಾತಾಡಬೇಕಾದವರು ಊರಿನವರು. ಹುಡುಗರು ಹಿಂದೆ ನಿಂತು ಲೆಕ್ಕ ತಪ್ಪದಂತೆ ನೋಡಿಕೊಂಡರೆ ಸಾಕು. ಕಾಲೇಜಿನ ಮುಂದಿನ ಸಲಹಾ ಸಮಿತಿ ಸಭೆಯನ್ನು ಗ್ರಾಮಸಭೆಯ ದಿನಾಂಕ ನೋಡಿಕೊಂಡು ಕರೆಯಲು ಯಾವ ಸುತ್ತೋಲೆಯೂ ಬೇಕಾಗಿಲ್ಲ. ಆ ದಿನಾಂಕವನ್ನು ಪಂಚಾಯಿತಿ ಕಚೇರಿಗೆ ಹೋಗಿ ಕೇಳಿ ಬರುವ ಕೆಲಸವನ್ನು ಮೊದಲನೇ ವರ್ಷದ ಇಬ್ಬರಿಗೆ ವಹಿಸಿದರೆ ಮುಂದಿನ ಶಿಬಿರದ ತಯಾರಿ ಅಲ್ಲಿಂದಲೇ ಶುರುವಾಗುತ್ತದೆ.